ಸಹಾಯ ಬೇಕು: ಬೆಳೆ ರಕ್ಷಣೆಯ ಕೋವಿ ಹಿಡಿದು ಮಂಗಳೂರಲ್ಲಿ ಗನ್‌ಮ್ಯಾನ್ ಕೆಲಸ ಮಾಡಬಹುದಾ?

ಎಲ್ಲರಿಗೂ ನಮಸ್ಕಾರ. ನಾವು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವರು. ನಮ್ಮ ಭಾವ ಮಿಲಿಟರಿಯಿಂದ ನಿವೃತ್ತರಾಗಿ ಊರಲ್ಲಿದ್ದಾರೆ. ಮಂಗಳೂರಿನ ಒಂದು ಸೆಕ್ಯುರಿಟಿ ಏಜೆನ್ಸಿ, ಚಿನ್ನದ ಅಂಗಡಿಯಲ್ಲಿ ಗನ್‌ಮ್ಯಾನ್ ಕೆಲಸ ಕೊಡುತ್ತೇವೆ ಎಂದಿದೆ. ಷರತ್ತು ಒಂದೇ, ಕೋವಿ ಅವರೇ ತರಬೇಕು.

ತಲೆಬಿಸಿ ಇರುವುದು ಅಲ್ಲೇ. ಭಾವನ ಹತ್ತಿರ ಇರುವುದು ಹಂದಿ ಕಾಟಕ್ಕೆ ಅಂತ ತೆಗೆದುಕೊಂಡ ಜೋಡುನಳಿಗೆ ಕೋವಿ. ಲೈಸೆನ್ಸ್ ಪುಸ್ತಕದಲ್ಲಿ ಉದ್ದೇಶ ಬೆಳೆ ರಕ್ಷಣೆ, ವ್ಯಾಪ್ತಿ ಕಾಸರಗೋಡು ಜಿಲ್ಲೆ ಮಾತ್ರ. ಅದೂ ಮಲಯಾಳದಲ್ಲಿ. ಏಜೆನ್ಸಿಯವರು ಪುಟ ತಿರುಗಿಸಿ "ಸೀಲ್ ಇದೆಯಲ್ಲ, ಸಾಕು" ಅಂದರಂತೆ! ತಲಪಾಡಿ ಗಡಿ ದಾಟಿ ಸಿಕ್ಕಿಬಿದ್ದರೆ ಕೋರ್ಟಿಗೆ ಅಲೆಯುವವರು ಭಾವ ತಾನೇ?

2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯ ಲೈಸೆನ್ಸ್ ಏಜೆನ್ಸಿ ನಡೆಸಲು ಮಾತ್ರ. ಕೋವಿಗೆ 1959ರ ಆಯುಧ ಕಾಯ್ದೆ, 2016ರ ನಿಯಮಗಳ ಲೈಸೆನ್ಸ್ ಬೇರೆಯೇ ಬೇಕು. ಇಷ್ಟು ಗೊತ್ತು.

ವ್ಯಾಪ್ತಿಯನ್ನು ಕರ್ನಾಟಕಕ್ಕೆ ವಿಸ್ತರಿಸಲು ಕಾಸರಗೋಡು ಕಲೆಕ್ಟರೇಟಿನಲ್ಲೇ ಅರ್ಜಿ ಕೊಡಬೇಕಾ? ಉದ್ದೇಶ ಬದಲಿಸಿ ಕೊಡುತ್ತಾರಾ? ಅಥವಾ ಅಂಗಡಿಯವರ ಹೆಸರಲ್ಲೇ ಲೈಸೆನ್ಸ್ ತೆಗೆದು, ಭಾವನನ್ನು ರಿಟೈನರ್ (ಲೈಸೆನ್ಸುದಾರರ ಪರವಾಗಿ ಕೋವಿ ಹಿಡಿಯುವವರು) ಆಗಿ ಸೇರಿಸುವ ದಾರಿ ಇದೆಯಾ? ಚುನಾವಣೆ ಬಂದಾಗ ಕೋವಿ ಠಾಣೆಗೆ ಒಪ್ಪಿಸಲು ಹೇಳುತ್ತಾರಲ್ಲ, ಆಗ ಕೆಲಸದ ಗತಿ ಏನು?

ಗಡಿ ಆಚೆ ಇಂಥ ಕೆಲಸ ಮಾಡಿದವರು, ವಕೀಲರು ಯಾರಾದರೂ ಇದ್ದರೆ ತಿಳಿಸಿ. ಸೋಮವಾರ ಏಜೆನ್ಸಿಗೆ ಉತ್ತರ ಕೊಡಬೇಕು.