ನಲಿ-ಕಲಿ ಮಕ್ಕಳಿಗೆ ಮಳೆ, ಗಾಳಿ, ಬಿಸಿಲು ಹೆಂಗ ಕಲಿಸ್ತೀರಿ? ಮಾಡಿ ನೋಡಿದವರು ಹೇಳ್ರಿ

ಕೇಳಿದವರು: ಸಿಂದಗಿ ತಾಲ್ಲೂಕಿನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಒಂದರಿಂದ ಮೂರನೇ ತರಗತಿಯ ನಲಿ-ಕಲಿ, ಅಂದರೆ ಚಟುವಟಿಕೆಯ ಮೂಲಕ ಕಲಿಸುವ ತರಗತಿ, ನನ್ನ ಕೈಗೆ ಬಂದು ಎಂಟು ತಿಂಗಳಾಯಿತು. ಬೆಳಿಗ್ಗೆ ಹಾಜರಾತಿ ಆದ ಮೇಲೆ ಮಕ್ಕಳಿಂದ ಅವತ್ತಿನ ಹವೆಯ ಚಿತ್ರ ಬಿಡಿಸಿ ಹವಾಮಾನ ನಕ್ಷೆ ತುಂಬಿಸಬೇಕಲ್ಲ, ಅಲ್ಲೇ ಸೋತಿದ್ದೇನೆ. ಜನವರಿಯಿಂದ ಈ ಮಾರ್ಚ್‌ವರೆಗೆ ಸಾಲುಸಾಲು ಸೂರ್ಯ. ಮಕ್ಕಳು ಹೊರಗೆ ನೋಡುವುದೇ ಇಲ್ಲ, ನಿನ್ನೆಯ ಚಿತ್ರ ನೋಡಿ ಇವತ್ತಿನದು ಬಿಡಿಸುತ್ತಾರೆ. ಮೊನ್ನೆ ದಿನವಿಡೀ ಮೋಡ ಕವಿದಿತ್ತು, ಅವತ್ತೂ ಸೂರ್ಯನೇ. ಆರೇಳು ವರ್ಷದ ಮಕ್ಕಳಿಗೆ ಇದನ್ನು ಎಲ್ಲಿಂದ ಶುರು ಮಾಡಲಿ?

ಬಸವನಬಾಗೇವಾಡಿ ತಾಲ್ಲೂಕು, ನಲಿ-ಕಲಿಯಲ್ಲಿ 16 ವರ್ಷ

ಟೀಚರ್, ಮಕ್ಕಳ ತಪ್ಪಲ್ಲ ಅದು. ನಕ್ಷೆಯಲ್ಲಿರೋದು ನಾಲ್ಕೈದು ಚಿತ್ರ. ನಮ್ಮ ಕಡೆ ಸಂಕ್ರಾಂತಿ ಆದ ಮೇಲೆ ಮಿರಗದ (ಮೃಗಶಿರಾ ಮಳೆಯ) ತನಕ ಹೆಚ್ಚುಕಡಿಮೆ ಒಂದೇ ಚಿತ್ರ ಸಾಕಾಗುತ್ತದೆ. ದಿನಾ ಒಂದೇ ಉತ್ತರ ಇರುವ ಪ್ರಶ್ನೆಗೆ ಯಾವ ಮಗು ತಲೆ ಎತ್ತಿ ನೋಡುತ್ತದೆ?

ನಾನು ಮೊದಲು ಮಾಡಿದ ಕೆಲಸ, ನಕ್ಷೆಯನ್ನು ಬೆಳಿಗ್ಗೆಯಿಂದ ಬಿಸಿಯೂಟದ ನಂತರಕ್ಕೆ ಸರಿಸಿದ್ದು. ಉಂಡು, ಕೈ ತೊಳೆದು, ಅಂಗಳ ದಾಟಿ ಬಂದ ಮಗುವಿನ ಮೈಗೆ ಅವತ್ತಿನ ಹವೆ ಗೊತ್ತಾಗಿರುತ್ತದೆ. ಆಗ ಕೇಳಿದರೆ ಗೋಡೆ ನೋಡದೆ ಹೇಳುತ್ತದೆ.

ಆಮೇಲೆ ಫರಸಿಕಲ್ಲು. ನಮ್ಮ ಶಾಲೆಯ ಕಟ್ಟೆಗೆ ಹನ್ನೊಂದು ಗಂಟೆಗೆ ಬಿಸಿಲು ಪೂರ್ತಿ ಬೀಳುತ್ತದೆ. ಅಲ್ಲಿ ಅಂಗೈ ಊರಿ ಎಣಿಸುವುದು, ಬಿಸಿ ಅನ್ನಿಸಿದ ಕೂಡಲೇ ಎತ್ತುವುದು. ಡಿಸೆಂಬರಿನಲ್ಲಿ ಐವತ್ತು ಎಣಿಸಿದರೂ ಯಾರೂ ಕೈ ಎತ್ತಲಿಲ್ಲ. ಫೆಬ್ರವರಿ ಕೊನೆಗೆ ಹತ್ತು ದಾಟಲಿಲ್ಲ. ಹೋಳಿ ಹುಣ್ಣಿಮೆ ಆದ ಮೇಲೆ ನಿಲ್ಲಿಸಿಬಿಟ್ಟೆ, ಕೈ ಸುಟ್ಟೀತು. ನೀವೂ ಮೊದಲು ನಿಮ್ಮ ಕೈ ಇಟ್ಟು ನೋಡಿಯೇ ಮಕ್ಕಳನ್ನು ಬಿಡಿ. ನಕ್ಷೆಯಲ್ಲಿ ಸೂರ್ಯನ ಪಕ್ಕ ಆ ಅಂಕಿ ಬರೆದೆವು. ಸೂರ್ಯ ಅದೇ, ಅಂಕಿ ಬೇರೆ ಬೇರೆ. ದಿನದಿಂದ ದಿನಕ್ಕೆ ಹವೆ ಬದಲಾಗುತ್ತದೆ ಅನ್ನುವುದು ಅವರಿಗೆ ಹೊಳೆದದ್ದು ಆಗ. ಎಣಿಕೆಯ ಪಾಠವೂ ಆಯಿತು.

ನಮ್ಮಲ್ಲಿ ಒಂದು ನಾಯಿ ಇದೆ, ಶಾಲೆಯದೇ ಅನ್ನಬೇಕು. ಒಂದನೇ ತರಗತಿಯ ಹುಡುಗ ಒಂದು ದಿನ ಓಡಿ ಬಂದು ಹೇಳಿದ, “ಟೀಚರ್ರೀ, ಇವತ್ತು ನಾಯಿ ಬಿಸಲಾಗ ಮಲಗೈತ್ರಿ, ಥಂಡಿ ಐತ್ರಿ.” ಅವತ್ತಿನಿಂದ ನಾಯಿ ಎಲ್ಲಿ ಮಲಗಿದೆ ಅಂತ ನೋಡಿ ಬರೋದು ಒಬ್ಬರ ಪಾಳಿ.

ಇನ್ನೊಂದು, ಮನೆಯ ಮಾತು ತರಗತಿಗೆ ಬರಲಿ. “ಬಿಸಿಲು” ಒಂದೇ ಪದ ಸಾಲದು. ಝಳ, ಧಗಿ, ಕುದಿ, ಮಬ್ಬು, ಜಿಟಿಜಿಟಿ, ಹದ ಮಳೆ, ಆಣಿಕಲ್ಲು ಎಲ್ಲಾ ಮಕ್ಕಳ ಬಾಯಲ್ಲೇ ಇವೆ. ಝಳಕ್ಕೂ ಕುದಿಗೂ ಏನು ವ್ಯತ್ಯಾಸ ಅಂದೆ. “ಝಳ ಬಂದ್ರ ಮಾರಿ ಸುಡ್ತೈತ್ರಿ, ಕುದಿ ಬಂದ್ರ ಬೆವರು ಆರೂದಿಲ್ರಿ” ಅಂದಳು ಎರಡನೇ ತರಗತಿ ಹುಡುಗಿ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಬೇಗ ಆರುವುದಿಲ್ಲ ಅಂತ ನಾವು ದೊಡ್ಡ ತರಗತಿಯಲ್ಲಿ ಪಾಠ ಮಾಡುತ್ತೇವೆ. ಅದು ಆಗಲೇ ಅವಳ ಬಾಯಲ್ಲಿತ್ತು. ಜೂನ್‌ನಲ್ಲಿ ಶಾಲೆ ಶುರುವಾದಾಗ “ಈಗ ಯಾವ ಮಳಿ ನಡದೈತಿ, ಅಜ್ಜನ್ನ ಕೇಳಿಕೊಂಡು ಬರ್ರಿ” ಅಂತ ಕಳಿಸಿ. ಜೂನ್ 7-8ಕ್ಕೆ ಮಿರಗ ಕೂಡುತ್ತದೆ, ಆಮೇಲೆ ಆರಿದ್ರಾ, ಹೀಗೆ ನಕ್ಷತ್ರದ ಹೆಸರಿನ ಮಳೆಗಳು, ಒಂದೊಂದಕ್ಕೆ 13-14 ದಿನ. ಅಜ್ಜಂದಿರಿಗೆ ಆಗುವ ಖುಷಿ ನೋಡಬೇಕು ನೀವು.

ಹುನಗುಂದ ಕಡೆ, ಅಂಗನವಾಡಿ ಕಾರ್ಯಕರ್ತೆ

ನಮ್ಮವು ಇನ್ನೂ ಸಣ್ಣ ಕೂಸುಗಳು, ಮೂರರಿಂದ ಆರು ವರ್ಷದವು. ಇವಕ್ಕ ನಕ್ಷಿ ಬ್ಯಾಡ್ರಿ, ನೀರು ಸಾಕು. ಫರಸಿ ಮ್ಯಾಲೆ ಒಂದು ತಂಬಿಗಿ ನೀರು ಚೆಲ್ಲಿ ಸುತ್ತ ರಂಗೋಲಿ ಗೆರಿ ಎಳೀತೀನಿ. ಹತ್ತು ನಿಮಿಷ ಬಿಟ್ಟು ಮತ್ತ ಒಂದು ಗೆರಿ, ಒಳಗ. ಮತ್ತ ಒಂದು. ಕಡೀಗೆ ನೀರು ಇಲ್ಲ, ಬರೇ ಗೆರಿ, ಒಂದರೊಳಗ ಒಂದು. “ನೀರು ಎಲ್ಲಿ ಹೋತು?” ಅಂದ್ರ ಒಬ್ಬಾಕಿ “ನಾಯಿ ಕುಡೀತು” ಅಂದಳು, ಇನ್ನೊಬ್ಬ “ಕಲ್ಲು ಕುಡೀತು” ಅಂದ. ನಾ ಉತ್ತರ ಹೇಳಲಿಲ್ರಿ. ಅಮ್ಮ ಒಣ ಹಾಕಿದ ಅರಿವ್ಯಾಗಿನ ನೀರು ಎಲ್ಲಿ ಹೋಗ್ತೈತಿ ನೋಡಿ ಬರ್ರಿ ಅಂತ ಮನಿಗೆ ಕಳಿಸಿದೆ.

ಗುಡುಗಿಗೆ ಭಾಳ ಅಂಜತಾವು. ಬಾಗಿಲ ಮುಚ್ಚಿ ಎಲ್ಲಾರೂ ಗುಂಪಾಗಿ ಕುಂತು ಮಿಂಚಿದ ಕೂಡ್ಲೇ ಎಣಿಸಾಕ ಸುರು ಮಾಡ್ತೀವಿ. ಸುಮಾರು ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ಆರು ಎಣಿಸಿದ ಮ್ಯಾಲೆ ಗುಡುಗಿದ್ರ ಎರಡು ಕಿಲೋಮೀಟರ್ ದೂರ. ಎಣಿಸೋದ್ರಾಗ ಅಳೋದು ಮರೀತಾವು. ಆದ್ರ ದೂರ ಐತಿ ಅಂತ ಹೊರಗ ಬಿಡಬ್ಯಾಡ್ರಿ. ಗಿಡದ ಬುಡಕ್ಕ ನಿಲ್ಲಬಾರದು ಅನ್ನೋದನ್ನ ಹತ್ತು ಸಲ ಹೇಳ್ರಿ, ಹೊಲಕ್ಕ ಹೋಗೋ ಮಕ್ಕಳು ಇವು.

ಖಾನಾಪುರ ತಾಲ್ಲೂಕಿನ ಶಿಕ್ಷಕ

ಮಳೆ ಅಳೆಯುವುದನ್ನೂ ಸೇರಿಸಿಕೊಳ್ಳಿ. ಎರಡು ಲೀಟರಿನ ತಂಪು ಪಾನೀಯದ ಬಾಟಲಿಯ ಮೇಲ್ಭಾಗ ಕತ್ತರಿಸಿ, ತಲೆಕೆಳಗಾಗಿ ಅದರಲ್ಲೇ ಕೂರಿಸಿದರೆ ಮಳೆಮಾಪಕ. ನಾನು ಮೊದಲು ಒಂದು ತಪ್ಪು ಮಾಡಿದ್ದೆ. ಬಾಟಲಿಯ ತಳ ಉಬ್ಬುತಗ್ಗಾಗಿರುತ್ತದೆ, ಅಲ್ಲಿಂದಲೇ ಅಳೆದರೆ ಲೆಕ್ಕ ಕೆಡುತ್ತದೆ. ತಳಕ್ಕೆ ಹರಳುಕಲ್ಲು ಹಾಕಿ, ಅವು ಮುಳುಗಿ ಬಾಟಲಿ ನೇರವಾಗುವ ಮಟ್ಟಕ್ಕೆ ನೀರು ತುಂಬಿ, ಅಲ್ಲಿ ಸೊನ್ನೆ ಗೆರೆ ಹಾಕಿ. ಕಲ್ಲಿನ ಭಾರಕ್ಕೆ ಗಾಳಿಗೂ ಉರುಳುವುದಿಲ್ಲ. ಮರ, ಮಾಳಿಗೆಯಿಂದ ದೂರ ಇಡಿ.

ಮಲಪ್ರಭೆ ಹುಟ್ಟುವ ಕಣಕುಂಬಿ ನಮ್ಮ ತಾಲ್ಲೂಕಿನದೇ. ಜುಲೈನಲ್ಲಿ ಆ ಭಾಗದಲ್ಲಿ ಒಂದೇ ದಿನ 100 ಮಿ.ಮೀ. ದಾಟುವುದುಂಟು, ನಿಮ್ಮ ವಿಜಯಪುರ ಜಿಲ್ಲೆಗೆ ವರ್ಷವಿಡೀ ಸುಮಾರು 600 ಮಿ.ಮೀ. ನಮ್ಮ ಮಕ್ಕಳೂ ನಿಮ್ಮ ಮಕ್ಕಳೂ ವಾರಕ್ಕೊಮ್ಮೆ ಫೋನಿನಲ್ಲಿ ಅಂಕಿ ಹೇಳಿಕೊಂಡರೆ ಹೇಗೆ? ಬಯಲುಸೀಮೆಯ ಒಂದು ಶಾಲೆ ಜೊತೆಗಿರಲಿ ಅಂತ ನನಗೆ ಬಹಳ ದಿನದ ಆಸೆ.

ಜಮಖಂಡಿ, ಹೊಳಿದಂಡಿ ಊರಿನ ಶಾಲೆ

ಒಂದು ಮಾತು ಸೇರಿಸುತ್ತೇನೆ. “ಮಳೀನ ಬಂದಿಲ್ಲ, ಹೊಳಿ ಹೆಂಗ ಬಂತ್ರಿ?” ಅಂತ ನಮ್ಮ ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದ ಕಡೆ ಸುರಿದದ್ದು ಇಲ್ಲಿಗೆ ಹರಿದು ಬರುತ್ತದೆ. ಅಂಗಳದ ಮಣ್ಣಲ್ಲಿ ಇಳಿಜಾರು ಮಾಡಿ, ಮೇಲೆ ನೀರು ಹೊಯ್ದು, ಕೆಳಗಿನ “ಊರು” ಒದ್ದೆಯಾಗುವುದನ್ನು ತೋರಿಸಿದರೆ ಸಾಕು.

ತಿಕೋಟಾ ಕಡೆಯ ರೈತ, ಪಾಲಕ

ನಾ ಮಾಸ್ತರ ಅಲ್ಲ, ಆದ್ರೂ ಹೇಳ್ತೀನಿ ಟೀಚರ್. ನೀವು ಹೇಳಿದ ಆ ಮೋಡದ ದಿನ ನಾವು ಮನಿಮಂದಿ ಎಲ್ಲಾ ಒಣದ್ರಾಕ್ಷಿ ಶೆಡ್ಡಿಗೆ ತಾಡಪತ್ರಿ ಕಟ್ಟಾಕತ್ತಿದ್ವಿ. ರ್‍ಯಾಕಿನ ಮ್ಯಾಲಿನ ಮಾಲಿಗೆ ಹನಿ ಬಿದ್ರ ಕಪ್ಪಾಗ್ತೈತಿ, ಬೂಸರು ಹಿಡೀತೈತಿ. ಮಗಳು ಅವತ್ತು ಸಾಲಿಗೆ ಹೋಗಿ “ಮೋಡ ಬಂದಾವು” ಅಂದಳಂತ, ಆಕಿಗೆ ಅಳು ಬಂದಿತ್ತು. “ಮೋಡ ಬಂದ್ರ ಚಲೋ ಅಲ್ಲೇನು” ಅಂದ್ರಂತ ಅಲ್ಲಿ. ಮಳಿ ಚಲೋ, ಬಿಸಲು ಕೆಟ್ಟ ಅಂತ ಕಲಿಸಬ್ಯಾಡ್ರಿ. “ನಿಮ್ಮ ಮನ್ಯಾಗ ಇವತ್ತು ಯಾವ ಹವಾ ಬೇಕಾಗೈತಿ?” ಅಂತ ಕೇಳ್ರಿ. ಬಿಳಿಜ್ವಾಳ ಹಾಕಿದವರ ಮಗ ಒಂದು ಹೇಳ್ತಾನ, ನಮ್ಮ ಮಗಳು ಒಂದು ಹೇಳ್ತಾಳ.

ಸಿಂದಗಿ ತಾಲ್ಲೂಕಿನ ಶಿಕ್ಷಕಿ

ಅಣ್ಣಾರ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಈ ಪ್ರಶ್ನೆ ನಾನು ಯಾವತ್ತೂ ಮಕ್ಕಳಿಗೆ ಕೇಳಿಲ್ಲ.

ಇವತ್ತು ನಕ್ಷೆಯನ್ನು ಊಟದ ನಂತರ ತೆಗೆದೆ. ಒಬ್ಬ ಹುಡುಗ ಎದ್ದು ಹೊರಗೆ ಹೋಗಿ, ಆಕಾಶ ನೋಡಿ, ಬೇವಿನ ಗಿಡ ನೋಡಿ ಬಂದ. ಸೂರ್ಯನನ್ನೇ ಬಿಡಿಸಿದ. ಪಕ್ಕದಲ್ಲಿ ಒಂದು ಗಿಡ, ಅದರ ಎಲೆಗಳೆಲ್ಲ ಒಂದೇ ಕಡೆ ವಾಲಿದ್ದವು. “ಗಾಳಿ ಐತ್ರಿ” ಅಂದ. ಖಾನಾಪುರದ ಸರ್, ಬಾಟಲಿ ಎತ್ತಿಟ್ಟಿದ್ದೇನೆ. ಮಿರಗದ ದಿನ ನಾವೇ ಮೊದಲು ಫೋನ್ ಮಾಡುತ್ತೇವೆ.