ಡಾಕ್ಟರನ್ನು ಕೇಳಿ: ಐಸ್ ಡ್ರಗ್ಸ್ ಹೊಡೆತವನ್ನು ಮಿದುಳು ತಡೆದುಕೊಳ್ಳುತ್ತಾ?

ಅಡ್ಮಿನ್: ನಮ್ಮ ಗುಂಪಿನ ಮನೋವೈದ್ಯರು ಇವತ್ತು ಸಂಜೆವರೆಗೂ ಉತ್ತರ ಕೊಡುತ್ತಾರೆ. ಕೇಳುವವರ ಹೆಸರು ಹಾಕುವುದಿಲ್ಲ. ದಯವಿಟ್ಟು ಫಾರ್ವರ್ಡ್ ಬೇಡ.

ವಿದ್ಯಾರ್ಥಿ, ಶಿವಮೊಗ್ಗ: ಸಾರ್, ಐಸ್ ತಗೊಂಡರೆ ಮಿದುಳಿನ ಜೀವಕೋಶ ಸತ್ತೇ ಹೋಗುತ್ತೆ ಅಂತಾರೆ. ಅದು ತನ್ನನ್ನು ಕಾಪಾಡಿಕೊಳ್ಳುವುದಿಲ್ವಾ?

ಡಾಕ್ಟರ್: ಒಳ್ಳೆಯ ಪ್ರಶ್ನೆ. ಕಾಪಾಡಿಕೊಳ್ಳುತ್ತದೆ, ಆದರೆ ಒಂದು ಮಿತಿಯವರೆಗೆ. ಡೋಪಮೈನ್, ಅಂದರೆ ನರಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ, ನರದ ತುದಿಯಲ್ಲಿ ಸಣ್ಣ ಚೀಲಗಳೊಳಗೆ ಇರುತ್ತದೆ. ಅಲ್ಲಿದ್ದಷ್ಟು ಹೊತ್ತು ತೊಂದರೆ ಇಲ್ಲ. ಐಸ್, ಅಂದರೆ ಮೆತಾಂಫೆಟಮಿನ್ ಅನ್ನುವ ಉತ್ತೇಜಕ ಡ್ರಗ್, ಅದನ್ನು ಚೀಲದಿಂದ ಹೊರಗೆ ದಬ್ಬುತ್ತದೆ. ಬಾಳೆಕಾಯಿ ಹೆಚ್ಚಿ ನೀರಿಗೆ ಹಾಕದೆ ಬಿಟ್ಟರೆ ಕಪ್ಪಾಗುತ್ತದಲ್ಲ? ಅಲ್ಲಿ ಗಾಳಿ ತಾಗಿ ಕೆಡುವುದೂ ಮುಖ್ಯವಾಗಿ ಡೋಪಮೈನೇ. ನರದ ತುದಿಯಲ್ಲೂ ಅದು ಆಮ್ಲಜನಕದ ಜೊತೆ ಸೇರಿ ಕ್ವಿನೋನ್, ಹೈಡ್ರೋಜನ್ ಪೆರಾಕ್ಸೈಡ್ ಅನ್ನುವ, ಕೋಶವನ್ನು ಕೆಡಿಸುವ ವಸ್ತುಗಳನ್ನು ಹುಟ್ಟಿಸುತ್ತದೆ.

ಕೋಶದ ಮೊದಲ ರಕ್ಷಣೆ, ಡೋಪಮೈನನ್ನು ವಾಪಸ್ ಚೀಲಕ್ಕೆ ತುಂಬುವ ಪಂಪು. ಐಸ್ ಕೆಡಿಸುವುದು ಅದನ್ನೇ. ಎರಡನೆಯದು ಗ್ಲುಟಾಥಯೋನ್. ಕೋಶ ತಾನೇ ತಯಾರಿಸಿಕೊಳ್ಳುವ ವಸ್ತು. ಕ್ವಿನೋನನ್ನು ಕಟ್ಟಿಹಾಕಿ, ಪೆರಾಕ್ಸೈಡನ್ನು ನೀರಾಗಿಸಿ, ಹಾಗೇ ಖರ್ಚಾಗುತ್ತದೆ. ಆಗ ಎನ್‌ಆರ್‌ಎಫ್2 ಅನ್ನುವ ಪ್ರೋಟೀನು ಕೋಶದ ಕೇಂದ್ರಕ್ಕೆ ಹೋಗಿ, ಇನ್ನಷ್ಟು ತಯಾರಿಸುವ ಜೀನ್‌ಗಳನ್ನು ಎಬ್ಬಿಸುತ್ತದೆ. ಇದಕ್ಕೆಲ್ಲ ಗಂಟೆಗಟ್ಟಲೆ ಬೇಕು. ಮೇಲಿಂದ ಮೇಲೆ ತಗೊಂಡವನಿಗೆ ಆ ಪುರಸೊತ್ತು ಸಿಗುವುದಿಲ್ಲ. ಡೋಪಮೈನ್ ಕೋಶಗಳಲ್ಲಿ ಹೆಚ್ಚಾಗಿ ಹಾಳಾಗುವುದು ನರದ ತುದಿ. ಕೋಶದ ಒಡಲು ಸಾಮಾನ್ಯವಾಗಿ ಉಳಿಯುತ್ತದೆ. ಚೇತರಿಕೆಗೆ ಅಷ್ಟು ಜಾಗ ಇದೆ.

ಗೃಹಿಣಿ, ಕೊಪ್ಪ: ಹಾಗಾದ್ರೆ ಬಾಳೆಕಾಯಿ ಪಲ್ಯ ತಿಂದರೆ ಡೋಪಮೈನ್ ಜಾಸ್ತಿ ಆಗುತ್ತಾ ಡಾಕ್ಟ್ರೇ?

ಡಾಕ್ಟರ್: ಇಲ್ಲಮ್ಮ. ತಿಂದ ಡೋಪಮೈನ್ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಪಲ್ಯ ಮಾತ್ರ ಆಗುತ್ತದೆ.

ಬ್ಯೂಟಿ ಪಾರ್ಲರ್, ಭದ್ರಾವತಿ: ಗ್ಲುಟಾಥಯೋನ್ ಮಾತ್ರೆ ನಮ್ಮಲ್ಲೇ ಇದೆ, ಬಣ್ಣ ಬರೋಕೆ ಕೊಡ್ತೀವಿ. ಮಿದುಳಿಗೂ ಆಗುತ್ತಾ?

ಡಾಕ್ಟರ್: ಆಗುವುದಿಲ್ಲ. ನುಂಗಿದ್ದರಲ್ಲಿ ಬಹುಪಾಲು ಹೊಟ್ಟೆಯಲ್ಲೇ ಒಡೆದುಹೋಗುತ್ತದೆ. ಬಣ್ಣಕ್ಕೆ ಅಂತ ಇಂಜೆಕ್ಷನ್ ಕೊಡುತ್ತಿದ್ದರೆ ಇವತ್ತೇ ನಿಲ್ಲಿಸಿ.

ಸಾಗರ ಸೀಮೆ: *ಫಾರ್ವರ್ಡ್ ಆಗಿದೆ:* ಒಂದೆಲಗದ ರಸ, ಹಳೇ ತುಪ್ಪ 48 ದಿನ. ಡ್ರಗ್ಸ್ ವಿಷವೆಲ್ಲ ಮಿದುಳಿನಿಂದ ಇಳಿದುಹೋಗುತ್ತೆ. 10 ಜನರಿಗೆ ಕಳಿಸಿ.

ಡಾಕ್ಟರ್: ಒಂದೆಲಗದ ತಂಬುಳಿ ನನಗೂ ಇಷ್ಟ. ಊಟಕ್ಕೆ ಹಾಕಿಕೊಳ್ಳಿ. ಔಷಧಿ ಅಂದುಕೊಂಡು ಆಸ್ಪತ್ರೆ ತಪ್ಪಿಸಬೇಡಿ.

ಒಬ್ಬ ತಂದೆ, ಹೊಸನಗರ ತಾಲ್ಲೂಕು: ಡಾಕ್ಟ್ರೇ ನಮಸ್ಕಾರ. ಮಗ ಬೆಂಗಳೂರಲ್ಲಿ ಇಂಜಿನಿಯರಿಂಗ್. ಹೋದ ವಾರ ಮನೆಗೆ ಬಂದ. ಮೊದಲು ಬರೀ ನಿದ್ದೆ. ಈಗ ನಿದ್ದೆಯೇ ಇಲ್ಲ, ತೋಟದಲ್ಲಿ ಯಾರೋ ನಿಂತು ನೋಡ್ತಿದ್ದಾರೆ ಅಂತ ಕಿಟಕಿಗೆಲ್ಲ ಪೇಪರ್ ಅಂಟಿಸಿದ್ದಾನೆ. ಹಲ್ಲು ಕಡೀತಾನೆ. ಬ್ಯಾಗಿನಲ್ಲಿ ಚಿಕ್ಕ ಜಿಪ್ ಕವರು, ಒಳಗೆ ಬಿಳೀ ಹರಳು. ಬೆಳಿಗ್ಗೆಯಿಂದ ಮೈ ಕೆಂಡ. ಮಳೆಗೆ ನೆಂದು ಜ್ವರ ಅಂತ ಕಂಬಳಿ ಹೊದಿಸಿ ಮಲಗಿಸಿದ್ದೇವೆ. ಪೊಲೀಸ್ ಕೇಸ್ ಆಗುತ್ತೆ ಅಂತ ಎಲ್ಲೂ ಹೋಗಿಲ್ಲ.

ಡಾಕ್ಟರ್: ಕಂಬಳಿ ತೆಗೆಯಿರಿ. ಈಗಲೇ. ಓದುವುದು ಆಮೇಲೆ, ಮೊದಲು 108ಕ್ಕೆ ಫೋನ್ ಮಾಡಿಸಿ.

ಗಾಡಿ ಬರುವವರೆಗೆ ಅಂಗಿ ಬಿಚ್ಚಿ, ಮೈಗೆಲ್ಲ ನೀರು ಒರೆಸಿ, ಫ್ಯಾನ್ ಹಾಕಿ. ಕರೆಂಟ್ ಇಲ್ಲದಿದ್ದರೆ ಬೀಸಿ. ಪ್ಯಾರಾಸಿಟಮಾಲ್ ಕೊಟ್ಟು ಕಾಯಬೇಡಿ, ಡ್ರಗ್ಸ್ ಏರಿಸಿದ ಶಾಖಕ್ಕೆ ಅದು ಕೆಲಸ ಮಾಡುವುದಿಲ್ಲ. ಕೂಗಾಡಿದರೆ ಕಟ್ಟಿಹಾಕಬೇಡಿ. ಎಳೆದಾಡಿದಷ್ಟೂ ಶಾಖ ಏರುತ್ತದೆ. ತೋಟದಲ್ಲಿ ಯಾರೂ ಇಲ್ಲ ಅಂತ ವಾದವೂ ಬೇಡ. ಒಬ್ಬರೇ ಮೆಲ್ಲಗೆ ಮಾತಾಡಿಸುತ್ತಿರಿ.

ಇಷ್ಟು ಗಾಬರಿ ಯಾಕೆ ಅಂದರೆ, ಮೇಲೆ ಹೇಳಿದ ರಕ್ಷಣೆಗಳೆಲ್ಲ ಮೈ ಬಿಸಿಯಾದಾಗ ಸಾಲದಾಗುತ್ತವೆ. ಅದೇ ಪ್ರಮಾಣದ ಮೆತಾಂಫೆಟಮಿನ್ ಕೊಟ್ಟರೂ, ತಣ್ಣಗೆ ಇಟ್ಟ ಇಲಿಗಳಲ್ಲಿ ನರದ ತುದಿ ಹಾಳಾಗುವುದು ಬಹಳ ಕಡಿಮೆ. ಬಿಸಿಯಲ್ಲಿಟ್ಟರೆ ಜಾಸ್ತಿ. ಮಿದುಳಷ್ಟೇ ಅಲ್ಲ, ಕಿಡ್ನಿ, ಸ್ನಾಯು, ಜೀವ ಎಲ್ಲದಕ್ಕೂ ಅಪಾಯ. ವಾರದ ಹಿಂದಿನ ಡೋಸಿಗೆ ಇವತ್ತು ಮೈ ಸುಡುವುದಿಲ್ಲ, ಹಾಗಾಗಿ ಮನೆಯಲ್ಲೂ ತಗೊಂಡಿರಬಹುದು. ಆ ಕವರನ್ನು ಡಾಕ್ಟರಿಗೆ ತೋರಿಸಿ. ಮಳೆಗಾಲ ಬೇರೆ, ಇಲಿಜ್ವರ, ಡೆಂಗ್ಯೂ ಕೂಡ ಇರಬಹುದು, ರಕ್ತ ಪರೀಕ್ಷೆ ಮಾಡುತ್ತಾರೆ.

ಕೇಸಿನ ಭಯ ಬಿಡಿ. ಸೇವನೆ ಮಾಡಿದವರು ತಾವಾಗಿ ಚಿಕಿತ್ಸೆಗೆ ಬಂದರೆ, ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿಗೆ ಮಾತ್ರ ಅದು, ಚಿಕಿತ್ಸೆಯನ್ನೂ ಪೂರ್ತಿ ಮುಗಿಸಬೇಕು. ಹೊರಟ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ.

ಸಾಗರ ಸೀಮೆ: ಆಸ್ಪತ್ರೆಗೆ ಹೋಗೋ ದಾರೀಲಿ ಆ ರಸ ಕುಡಿಸಿದರೆ ತಪ್ಪೇನು?

ಡಾಕ್ಟರ್: ಎಚ್ಚರ ತಪ್ಪುತ್ತಿರುವವನಿಗೆ ಏನು ಕುಡಿಸಿದರೂ ಶ್ವಾಸಕೋಶಕ್ಕೆ ಹೋಗಬಹುದು. ತಪ್ಪು ಅದೇ.

ತಾಯಿ, ಶಿಕಾರಿಪುರ: ಮಗನಿಗೆ ಏಕಾಗ್ರತೆಗೆ ಮೀಥೈಲ್‌ಫೆನಿಡೇಟ್ ಕೊಟ್ಟಿದ್ದಾರೆ. ಅದೂ ಉತ್ತೇಜಕ ಅಂತೆ. ನಿಲ್ಲಿಸಲಾ?

ಡಾಕ್ಟರ್: ನಿಲ್ಲಿಸಬೇಡಿ. ಅದು ಐಸ್ ಥರ ಡೋಪಮೈನ್ ಚೀಲ ಬರಿದು ಮಾಡುವುದಿಲ್ಲ, ಡೋಸೂ ಅಳತೆಯದು. ಬರೆದುಕೊಟ್ಟ ಡಾಕ್ಟರನ್ನೇ ಕೇಳಿ.

ಶಿವಮೊಗ್ಗ ಹುಡುಗ: ಡ್ರಗ್ಸ್ ಡ್ರಗ್ಸ್ ಅಂತೀರಿ, ಬಾಯಲ್ಲಿ ಕವಳ ಇಟ್ಕೊಂಡು. ಅಡಿಕೆನೂ ಉತ್ತೇಜಕವೇ ಅಲ್ವಾ?

ತೋಟದ ಮನೆ, ತೀರ್ಥಹಳ್ಳಿ: ಎಲೆಚುಕ್ಕೆ ರೋಗ, ಕೊಳೆ, ಅಡಿಕೆ ಕೊಯ್ಯೋ ಕೊನೆಗೌಡ ಸಿಗೋದಿಲ್ಲ. ಈಗ ನೀವೂ ಶುರು ಮಾಡಿದ್ರಾ? ನಮ್ಮಜ್ಜ 90 ವರ್ಷ ಎಲೆಅಡಿಕೆ ಹಾಕಿದ್ರು.

ಶಿವಮೊಗ್ಗ ಹುಡುಗ: ಅಜ್ಜನ ಕಥೆ ಎಲ್ಲರ ಮನೇಲೂ ಇದೆ. ಅಡಿಕೆ ಜಗಿದು ಬಾಯಿ ತೆರೆಯಲಾಗದವರ ಕಥೆನೂ ಹೇಳಿ.

ತೋಟದ ಮನೆ: ನಿನ್ನ ಫೀಸ್ ಕಟ್ಟಿದ್ದು ಯಾವ ದುಡ್ಡಲ್ಲಿ ಅಂತ ಮನೇಲಿ ಕೇಳು.

ಡಾಕ್ಟರ್: ಅಡಿಕೆಯ ಅರೆಕೋಲಿನ್ ಉತ್ತೇಜಕ ಹೌದು. ಕೆಲಸ ಮಾಡುವ ದಾರಿ ಬೇರೆ, ಐಸ್ ಜೊತೆ ಹೋಲಿಸಬೇಡಿ. ಕ್ಯಾನ್ಸರ್ ಮಾತು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಅಡಿಕೆ ಕ್ಯಾನ್ಸರ್ ತರುತ್ತದೆ ಎಂದು ಹೇಳಿದೆ. ಜಗಳ ಬೇರೆ ಕಡೆ ಮಾಡಿ.

ತೋಟದ ಮನೆ: ಡಾಕ್ಟ್ರೂ ಕಂಪನಿಗಳ ಕಡೆಯವರೇ ಅಂತ ಗೊತ್ತಾಯ್ತು ಬಿಡಿ.

ಅಡ್ಮಿನ್: ಇಬ್ಬರೂ ಸುಮ್ನಿರಿ. ಇನ್ನೊಂದು ಸಲ ಆದರೆ ಗುಂಪಿನಿಂದ ತೆಗೆಯುತ್ತೇನೆ.

ಕಾಫಿ ತೋಟ, ಶೃಂಗೇರಿ: ದಿನಕ್ಕೆ ಆರು ಲೋಟ ಕಾಫಿ ಕುಡೀತೀನಿ, ನನ್ನ ಜೀವಕೋಶದ ಗತಿ?

ಅಣ್ಣ, ಸೊರಬ: ತಮ್ಮ ಐಸ್ ಬಿಟ್ಟು ಎರಡು ತಿಂಗಳಾಯ್ತು. ಮಿದುಳು ಪೂರ್ತಿ ಸರಿ ಹೋಗುತ್ತಾ?

ಡಾಕ್ಟರ್: 2001ರಲ್ಲಿ ಅಮೆರಿಕದ ಮನೋವೈದ್ಯೆ ನೋರಾ ವೋಲ್ಕೋವ್ ತಂಡ ಐಸ್ ಬಿಟ್ಟವರ ಮಿದುಳು ಸ್ಕ್ಯಾನ್ ಮಾಡಿ ನೋಡಿತ್ತು. 12ರಿಂದ 17 ತಿಂಗಳು ಮುಟ್ಟದೆ ಇದ್ದವರಲ್ಲಿ, ಡೋಪಮೈನ್ ಸಾಗಿಸುವ ಪ್ರೋಟೀನು ಮತ್ತೆ ಏರಿತ್ತು. ನೆನಪಿನ ಶಕ್ತಿ ಅಷ್ಟೇ ಪ್ರಮಾಣದಲ್ಲಿ ಸುಧಾರಿಸಿರಲಿಲ್ಲ. ಎರಡು ತಿಂಗಳಿಗೆ ತೀರ್ಮಾನಕ್ಕೆ ಬರಬೇಡಿ. ಬೇಸರ, ಸಾಯುವ ಮಾತು ಬಂದರೆ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ.

ಹೊಸ ಸದಸ್ಯ: ಎಷ್ಟು ದಿನಕ್ಕೆ ಸರಿ ಹೋಗುತ್ತೆ ಸಾರ್?

ಡಾಕ್ಟರ್: ಮೇಲೆ ಓದಿ.

ಇನ್ನೊಬ್ಬರು: ಬಾದಾಮಿ ನೆನೆಸಿ ತಿಂದರೆ?

ಡಾಕ್ಟರ್: ಮೇಲೆ ಓದಿ ಅಂದೆ. ಹೊಸನಗರದವರು ಎಲ್ಲಿದ್ದೀರಿ?

ಒಬ್ಬ ತಂದೆ, ಹೊಸನಗರ ತಾಲ್ಲೂಕು: ಆಂಬುಲೆನ್ಸಲ್ಲಿ ಇದ್ದೇವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ಶಾಂತ ಆಗೋಕೆ ಇಂಜೆಕ್ಷನ್ ಕೊಟ್ಟು ಶಿವಮೊಗ್ಗದ ದೊಡ್ಡಾಸ್ಪತ್ರೆ ಮೆಗ್ಗಾನ್‌ಗೆ ಕಳಿಸಿದ್ದಾರೆ. ಬೆಳಿಗ್ಗೆ ತಗೊಂಡಿದ್ದೆ ಅಂತ ಅವನೇ ಒಪ್ಪಿಕೊಂಡ. ಮೈ ಸ್ವಲ್ಪ ತಣ್ಣಗಾಗಿದೆ.

ಡಾಕ್ಟರ್: ಸರಿ. ಮೂತ್ರದ ಬಣ್ಣ ಕಾಫಿ ಡಿಕಾಕ್ಷನ್ ಥರ ಇದ್ದರೆ ಡ್ಯೂಟಿ ಡಾಕ್ಟರಿಗೆ ತಕ್ಷಣ ಹೇಳಿ. ಜ್ವರ ಇಳಿಯಿತು ಅಂತ ಮನೆಗೆ ಕರೆದುಕೊಂಡು ಬರಬೇಡಿ, ಮನೋವೈದ್ಯರು ನೋಡಲೇಬೇಕು. ಆ ಸಂಶಯ ಹೆಚ್ಚಿನವರಲ್ಲಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ತಿಂಗಳಾದರೂ ಇಳಿಯದಿದ್ದರೆ ಬೇರೆ ಕಾಯಿಲೆ ಇದೆಯಾ ಅಂತ ಹುಡುಕಬೇಕಾಗುತ್ತದೆ.

ಸಾಗರ ಸೀಮೆ: *ಫಾರ್ವರ್ಡ್ ಆಗಿದೆ:* ಒಂದೆಲಗದ ರಸ, ಹಳೇ ತುಪ್ಪ 48 ದಿನ...

ಅಡ್ಮಿನ್: ಸಾಗರ ಸೀಮೆ ಅವರನ್ನು ಗುಂಪಿನಿಂದ ತೆಗೆಯಲಾಗಿದೆ.