ಶಾಲಾ ಪ್ರವಾಸಕ್ಕೆ ವಿಮೆ: ಅನುಭವ ಇದ್ದವರು ಹೇಳಿ

ಪ್ರಶ್ನೆ: ಮಗಳ ಶಾಲೆಯಿಂದ ಮೂರು ದಿನದ ಪ್ರವಾಸ ಹೊರಟಿದೆ. "ವಿಮೆಯೂ ಸೇರಿದೆ" ಅಂತ ಚೀಟಿಯಲ್ಲಿ ಒಂದೇ ಒಂದು ಸಾಲು ಇದೆ. ಅಷ್ಟೇ ಸಾಕಾ? ನಾವೂ ಬೇರೆ ಮಾಡಿಸಬೇಕಾ?

ಒಬ್ಬ ಶಿಕ್ಷಕಿ: ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವವಳು ನಾನು. ಮೊದಲು ಪಾಲಿಸಿಯ ಕಾಪಿ ಕೇಳಿ. ಸಂಕೋಚ ಬೇಡ. ಸಾಮಾನ್ಯವಾಗಿ ಶಾಲೆಗಳು ಮಾಡಿಸುವುದು ಗುಂಪು ಅಪಘಾತ ವಿಮೆ. ಅದರಲ್ಲಿ ಎದ್ದು ಕಾಣುವ ದೊಡ್ಡ ಮೊತ್ತ ಸಾವಿಗೋ ಶಾಶ್ವತ ಅಂಗವೈಕಲ್ಯಕ್ಕೋ ಕೊಡುವಂಥದ್ದು. ನೀವು ಹುಡುಕಬೇಕಾದದ್ದು ಅದರ ಕೆಳಗಿನ ಸಾಲು, ಚಿಕಿತ್ಸೆಯ ಖರ್ಚು. ಅದು ಇದೆಯಾ, ಎಷ್ಟರವರೆಗೆ, ಅಡ್ಮಿಟ್ ಆದರೆ ಮಾತ್ರವಾ ಅಂತ ನೋಡಿ. ನಮ್ಮ ಹುಡುಗನೊಬ್ಬ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡ. ಎಕ್ಸ್‌ರೇ ತೆಗೆದು ಪ್ಲಾಸ್ಟರ್ ಹಾಕಿದರು, ಸಂಜೆಗೆ ಬಸ್ಸಿನಲ್ಲಿ ಕೂತು ಎಲ್ಲರ ಹತ್ತಿರ ಪ್ಲಾಸ್ಟರ್ ಮೇಲೆ ಸಹಿ ಹಾಕಿಸಿಕೊಳ್ಳುತ್ತಿದ್ದ. ಅಡ್ಮಿಟ್ ಆಗಿಲ್ಲ ಅಂತ ಒಂದು ಪೈಸೆಯೂ ಬರಲಿಲ್ಲ.

ಅಪಘಾತ ವಿಮೆ ಅಂದಮೇಲೆ ಅಪಘಾತಕ್ಕೆ ಮಾತ್ರ, ಇದೂ ಗೊತ್ತಿರಲಿ. ಪ್ರವಾಸದಲ್ಲಿ ಮಕ್ಕಳು ಮಲಗುವುದು ಜಾಸ್ತಿ ಜ್ವರಕ್ಕೆ, ವಾಂತಿಭೇದಿಗೆ. ಅದಕ್ಕೆ ನಿಮ್ಮ ಕುಟುಂಬದ ಆರೋಗ್ಯ ವಿಮೆಯೇ ಗತಿ. ಅದರಲ್ಲಿ ಮಗಳ ಹೆಸರಿದ್ದರೆ ಸುಮ್ನೆ ಇನ್ನೊಂದಕ್ಕೆ ದುಡ್ಡು ಹಾಕಬೇಡಿ. ಆ ವಿಮೆ ಕಾರ್ಡಿನ ಜೆರಾಕ್ಸನ್ನು ಮಕ್ಕಳ ಜೊತೆಗೆ ಹೋಗುವ ಟೀಚರ್ ಕೈಗೇ ಕೊಡಿ. ಮಗಳ ಬ್ಯಾಗಿಗೆ ಹಾಕಿದರೆ ಬೇಕಾದಾಗ ಸಿಗುವುದಿಲ್ಲ. ಅಸ್ತಮಾ, ಫಿಟ್ಸ್, ಔಷಧಿ ಅಲರ್ಜಿ ಏನಿದ್ದರೂ ಮುಚ್ಚಿಡದೆ ಬರೆದುಕೊಡಿ.

ವಿಮೆಯ ಕ್ಲೇಮ್ (ಪರಿಹಾರದ ಅರ್ಜಿ) ಕೆಲಸ ಮಾಡುವವರು: ಮೇಡಂ ಹೇಳಿದ್ದು ಸರಿ. ನಮ್ಮ ಕಡೆ ಫೈಲು ಸಿಕ್ಕಿಹಾಕಿಕೊಳ್ಳುವುದು ಹೆಸರಿನ ಪಟ್ಟಿಯಲ್ಲಿ. ಗುಂಪು ಪಾಲಿಸಿಗೆ ಶಾಲೆ ಮಕ್ಕಳ ಪಟ್ಟಿ ಕೊಟ್ಟಿರುತ್ತದೆ. ಕೊನೇ ಗಳಿಗೆಯಲ್ಲಿ ಒಬ್ಬರು ಬಿಟ್ಟು ಇನ್ನೊಬ್ಬರು ಬಸ್ ಹತ್ತಿರುತ್ತಾರೆ, ಪಟ್ಟಿ ತಿದ್ದಿರುವುದಿಲ್ಲ. ದಾಖಲೆಯಲ್ಲಿ ಒಂದು ಹೆಸರು, ಆಸ್ಪತ್ರೆ ಚೀಟಿಯಲ್ಲಿ ಮನೆಯಲ್ಲಿ ಕರೆಯುವ ಹೆಸರು, ಇದೂ ತಲೆನೋವೇ. ಪ್ರವಾಸದ ದಿನಾಂಕಗಳನ್ನೂ ನೋಡಿ: ಬಸ್ ಮಧ್ಯರಾತ್ರಿ ದಾಟಿ ವಾಪಸಾದರೆ ಆ ದಿನವೂ ಪಾಲಿಸಿಯೊಳಗೆ ಬರಬೇಕು. ಏನಾದರೂ ಆದರೆ ಕಂಪನಿಗೆ ತಕ್ಷಣ ತಿಳಿಸಿ. ಒರಿಜಿನಲ್ ಬಿಲ್, ವೈದ್ಯರ ಚೀಟಿ, ಎಕ್ಸ್‌ರೇ, ಮಗು ಪ್ರವಾಸದಲ್ಲಿತ್ತು ಅಂತ ಶಾಲೆಯ ಪತ್ರ, ರಸ್ತೆ ಅಪಘಾತವಾದರೆ ಪೊಲೀಸ್ ದೂರಿನ ಪ್ರತಿ, ಎಲ್ಲ ಇಟ್ಟುಕೊಳ್ಳಿ.

ಇನ್ನೊಬ್ಬ ಪೋಷಕರು: ಪ್ರವಾಸದಲ್ಲಿ ದೋಣಿ, ಹಗ್ಗದಾಟ, ಬಂಡೆ ಹತ್ತುವುದು ಇದೆಯಾ ಅಂತ ಕೇಳಿದಿರಾ? ಸಾಹಸ ಕ್ರೀಡೆಗಳನ್ನು ಎಷ್ಟೋ ಪಾಲಿಸಿಗಳು ಹೊರಗಿಟ್ಟಿರುತ್ತವೆ. ನಮ್ಮ ಮಗನ ಪ್ರವಾಸದಲ್ಲಿ ಹಗ್ಗದಾಟವೇ ದೊಡ್ಡ ಆಕರ್ಷಣೆ, ಪಾಲಿಸಿಯಲ್ಲಿ ಅದೇ ಇರಲಿಲ್ಲ. ನಾಲ್ಕು ಜನ ಪೋಷಕರು ಒಟ್ಟಿಗೆ ಹೋಗಿ ಕೇಳಿದ ಮೇಲೆ ಶಾಲೆ ಸ್ವಲ್ಪ ಜಾಸ್ತಿ ಕಂತು ಕಟ್ಟಿ ಸೇರಿಸಿತು.

ಪ್ರಶ್ನೆ ಕೇಳಿದವರು: ಪಟ್ಟಿ ನೋಡಿಕೊಂಡು ಬಂದೆ. ಮಗಳ ಇನಿಷಿಯಲ್ ತಪ್ಪಾಗಿತ್ತು, ಸರಿ ಮಾಡಿಸಿದೆ. ಪಾಲಿಸಿ ಕಾಪಿ ಸೋಮವಾರ ಕೊಡುತ್ತಾರಂತೆ.